ತಪಸ್ಸುಕಾಲದ ಪ್ರಾರ್ಥನೆ: ದೇವರಲ್ಲಿ ಭರವಸೆ ಇಡುವುದು ಅಂದರೆ ನಿಜಕ್ಕೂ ಏನು?

ತಪಸ್ಸುಕಾಲ, ಅಂದರೆ ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳು, ಬಂತೆಂದರೆ ಎಲ್ಲ ಕಡೆಯೂ ಒಂದೇ ಮಾತು ಕೇಳಿಸುತ್ತದೆ. ಪ್ರಾರ್ಥನೆ ಮಾಡಿ, ದೇವರಲ್ಲಿ ಭರವಸೆ ಇಡಿ. ಒಳ್ಳೆಯ ಮಾತೇ. ಆದರೆ ಭರವಸೆ ಇಡುವುದು ಹೇಗೆ? ಕೇಳಿದ್ದು ಸಿಕ್ಕೇ ಸಿಗುತ್ತದೆ ಎಂದು ಮನಸ್ಸನ್ನು ಗಟ್ಟಿ ಮಾಡಿಕೊಳ್ಳುವುದೇ? ಸಂಶಯ ಬಂದರೆ ಅದನ್ನು ಒಳಗೇ ಅದುಮಿಡುವುದೇ? ಕಾಯಿಲೆ ವಾಸಿಯಾಗದಿದ್ದರೆ, ಮುರಿದ ಸಂಬಂಧ ಸರಿಹೋಗದಿದ್ದರೆ, ನಮ್ಮ ನಂಬಿಕೆ ಸಾಲಲಿಲ್ಲ ಎಂದು ಅರ್ಥವೇ?

ಈ ಕೊನೆಯ ಪ್ರಶ್ನೆ ಎಷ್ಟೋ ಜನರನ್ನು ಒಳಗೊಳಗೇ ಕೊರೆಯುತ್ತದೆ. ಯಾರ ಹತ್ತಿರವೂ ಹೇಳಿಕೊಳ್ಳುವುದಿಲ್ಲ, ಅಷ್ಟೇ. ಇದಕ್ಕೆ ಉತ್ತರ ಹುಡುಕಲು ದೂರ ಹೋಗಬೇಕಿಲ್ಲ. ತಪಸ್ಸುಕಾಲದ ಪೂಜೆಗಳಲ್ಲಿ ಓದುವ ಬೈಬಲ್ ವಾಚನಗಳಲ್ಲೇ ಅದು ಇದೆ. ಬೂದಿ ಬುಧವಾರದಿಂದ ಶುಭ ಶುಕ್ರವಾರದವರೆಗೆ ಅವನ್ನು ಸಾಲಾಗಿ ಇಟ್ಟು ನೋಡಿದರೆ, ನಾವು ಸಾಮಾನ್ಯವಾಗಿ ಅಂದುಕೊಳ್ಳುವ ಭರವಸೆಗಿಂತ ತುಂಬಾ ಬೇರೆಯಾದ ಒಂದು ಭರವಸೆ ಕಾಣಿಸುತ್ತದೆ. ನಾನು ಇಲ್ಲಿ ಹೆಚ್ಚಾಗಿ ಕಥೋಲಿಕ ಧರ್ಮಸಭೆಯ ವಾಚನಗಳ ಕ್ರಮವನ್ನು ಹಿಡಿದಿದ್ದೇನೆ. ಆದರೆ ಈ ಭಾಗಗಳಲ್ಲಿ ಬಹುಪಾಲು ಎಲ್ಲ ಕ್ರೈಸ್ತರಿಗೂ ಸೇರಿದವು.

ಮೊದಲು ಈ ಕಾಲದ ಲೆಕ್ಕ. ಬೂದಿ ಬುಧವಾರದಿಂದ ಈಸ್ಟರ್ ಹಿಂದಿನ ಶನಿವಾರದವರೆಗೆ ಎಣಿಸಿದರೆ 46 ದಿನ. ಅದರಲ್ಲಿ 6 ಭಾನುವಾರಗಳನ್ನು ಉಪವಾಸದ ಲೆಕ್ಕಕ್ಕೆ ಹಿಡಿಯುವುದಿಲ್ಲ, ಹಾಗಾಗಿ 40. ಪೂರ್ವದ ಕ್ರೈಸ್ತ ಸಭೆಗಳು ಸೋಮವಾರದಿಂದಲೇ ಶುರು ಮಾಡುತ್ತವೆ, ಎಣಿಕೆಯೂ ಬೇರೆ. 325ರಲ್ಲಿ ನೈಸಿಯಾದಲ್ಲಿ ಸೇರಿದ ಬಿಷಪರ ಮಹಾಸಭೆಯ ಐದನೇ ನಿಯಮದಲ್ಲೇ ಈ ನಲವತ್ತರ ಪ್ರಸ್ತಾಪ ಇದೆ. ಯೇಸು ಮರಳುಗಾಡಿನಲ್ಲಿ 40 ದಿನ ಉಪವಾಸ ಇದ್ದದ್ದು ಇದರ ಮೂಲ. ಪ್ರಾರ್ಥನೆ, ಉಪವಾಸ, ದಾನ ಈ ಮೂರೂ ಈ ದಿನಗಳ ಸಾಧನೆ. ಮೂರನ್ನೂ ಜನರಿಗೆ ತೋರಿಸಲು ಮಾಡಬೇಡಿ ಎಂಬ ಯೇಸುವಿನ ಮಾತನ್ನು ಮೊದಲ ದಿನವೇ ಓದುತ್ತಾರೆ.

ಅದೇ ದಿನ ಓದುವ ಇನ್ನೊಂದು ಭಾಗದ ಕಡೆ ನಮ್ಮ ಗಮನ ಅಷ್ಟಾಗಿ ಹೋಗುವುದಿಲ್ಲ.

ಮೊದಲ ದಿನವೇ ‘ಯಾರಿಗೆ ಗೊತ್ತು?’

ಬೂದಿ ಬುಧವಾರದ ಮೊದಲ ವಾಚನ ಪ್ರವಾದಿ ಯೋವೇಲನದು. ಮಿಡತೆಗಳ ಹಿಂಡು ಬಂದು ನಾಡನ್ನೇ ತಿಂದು ಹಾಕಿದೆ. ಬೆಳೆ ಹೋಗಿದೆ, ದೇವಾಲಯದಲ್ಲಿ ಅರ್ಪಿಸಲು ಧಾನ್ಯವೂ ಉಳಿದಿಲ್ಲ. ಆಗ ಪ್ರವಾದಿ ಕರೆಯುತ್ತಾನೆ: ಪೂರ್ತಿ ಮನಸ್ಸಿನಿಂದ ದೇವರ ಕಡೆಗೆ ತಿರುಗಿ, ಬಟ್ಟೆಯನ್ನಲ್ಲ, ಹೃದಯವನ್ನು ಹರಿದುಕೊಳ್ಳಿ. ಯಾಕೆಂದರೆ ಆತ ಕನಿಕರ ಉಳ್ಳವನು, ಬೇಗ ಕೋಪಗೊಳ್ಳದವನು, ಪ್ರೀತಿಯಲ್ಲಿ ಶ್ರೀಮಂತ.

ಇಷ್ಟು ಹೇಳಿದ ಮೇಲೆ ಮುಂದಿನ ಮಾತು ಏನಿರಬೇಕು? ‘ಆದ್ದರಿಂದ ಖಂಡಿತ ನಿಮ್ಮನ್ನು ಕಾಪಾಡುತ್ತಾನೆ’ ಅಂತ, ಅಲ್ವಾ? ಯೋವೇಲ ಹಾಗೆ ಹೇಳುವುದಿಲ್ಲ. ‘ಯಾರಿಗೆ ಗೊತ್ತು? ಆತ ಮನಸ್ಸು ಬದಲಾಯಿಸಿ ಆಶೀರ್ವಾದವನ್ನು ಉಳಿಸಿ ಹೋಗಬಹುದು’ ಎನ್ನುತ್ತಾನೆ.

ಇಲ್ಲಿ ಎರಡು ಬೇರೆ ಬೇರೆ ವಿಷಯಗಳಿವೆ. ಒಂದು, ದೇವರು ಎಂಥವನು ಎನ್ನುವುದು. ಇನ್ನೊಂದು, ಆತ ಈಗ ಏನು ಮಾಡುತ್ತಾನೆ ಎನ್ನುವುದು. ಮೊದಲನೆಯದರಲ್ಲಿ ಪ್ರವಾದಿಗೆ ಕಾಳಷ್ಟೂ ಸಂಶಯ ಇಲ್ಲ. ಎರಡನೆಯದು ತನಗೆ ಗೊತ್ತು ಎಂದು ಅವನು ಹೇಳಿಕೊಳ್ಳುವುದೇ ಇಲ್ಲ. ನಾವು ಎಡವುವುದು ಈ ಎರಡನ್ನು ಒಂದು ಮಾಡಿದಾಗ. ದೇವರು ಒಳ್ಳೆಯವನು ಎನ್ನುವ ನಂಬಿಕೆಯನ್ನು ‘ನಾನು ಕೇಳಿದ್ದು ಆಗಿಯೇ ತೀರುತ್ತದೆ’ ಎನ್ನುವ ಲೆಕ್ಕಕ್ಕೆ ಕಟ್ಟಿಹಾಕುತ್ತೇವೆ. ಆಗ ಕೇಳಿದ್ದು ಆಗದಿದ್ದರೆ ದೇವರ ಒಳ್ಳೆಯತನವೇ ಕುಸಿದು ಬಿದ್ದಂತೆ ಅನಿಸುತ್ತದೆ. ತಪಸ್ಸುಕಾಲ ಮೊದಲ ದಿನವೇ ಈ ಗಂಟನ್ನು ಬಿಚ್ಚುತ್ತದೆ. ನನ್ನ ಮಟ್ಟಿಗೆ ಇಡೀ ನಲವತ್ತು ದಿನಗಳ ಪ್ರಾರ್ಥನೆಗೆ ಇದೇ ಕೀಲಿ.

ಹಣೆಗೆ ಬೂದಿ ಹಚ್ಚುವಾಗ ಗುರುಗಳು ಹೇಳುವ ಮಾತುಗಳಲ್ಲಿ ಒಂದು ಹೀಗಿದೆ: ನೀನು ಮಣ್ಣು, ಮರಳಿ ಮಣ್ಣಿಗೇ ಸೇರುತ್ತೀಯೆ. ಕೇಳಲು ಕಠಿಣ. ಆದರೆ ಪ್ರಾರ್ಥನೆಗೆ ಇಷ್ಟು ನೆಮ್ಮದಿ ಕೊಡುವ ಮಾತು ಬೇರೆ ಇಲ್ಲ. ಜಗತ್ತನ್ನು ಹೊತ್ತು ನಿಲ್ಲಿಸುವ ಕೆಲಸ ನನ್ನದಲ್ಲ ಎಂದು ಅದು ಹೇಳುತ್ತದೆ. ಎಲ್ಲವೂ ನನ್ನ ಕೈಯಲ್ಲಿದೆ ಎಂದುಕೊಂಡವನಿಗೆ ಪ್ರಾರ್ಥನೆ ಬೇಕಾಗುವುದೂ ಇಲ್ಲ.

ಪರೀಕ್ಷಿಸುವುದು ಬೇರೆ, ನಂಬುವುದು ಬೇರೆ

ತಪಸ್ಸುಕಾಲದ ಮೊದಲ ಭಾನುವಾರ ಪ್ರತಿ ವರ್ಷವೂ ಯೇಸುವಿನ ಶೋಧನೆಯ, ಅಂದರೆ ಸೈತಾನ ಆತನನ್ನು ಪ್ರಲೋಭನೆಗೆ ಒಡ್ಡಿದ ಕಥೆಯನ್ನೇ ಓದುತ್ತಾರೆ. ಒಂದು ವರ್ಷ ಮತ್ತಾಯನ ಸುವಾರ್ತೆಯಿಂದ, ಇನ್ನೊಂದು ವರ್ಷ ಮಾರ್ಕನಿಂದ, ಮತ್ತೊಂದು ವರ್ಷ ಲೂಕನಿಂದ. ಮತ್ತಾಯ ಮತ್ತು ಲೂಕ ವಿವರವಾಗಿ ಹೇಳುವ ಒಂದು ಶೋಧನೆ ನಮ್ಮ ವಿಷಯಕ್ಕೆ ನೇರವಾಗಿ ಸೇರುತ್ತದೆ.

ಸೈತಾನ ಯೇಸುವನ್ನು ದೇವಾಲಯದ ತುದಿಗೆ ಕರೆದೊಯ್ಯುತ್ತಾನೆ. ‘ಇಲ್ಲಿಂದ ಕೆಳಗೆ ಹಾರು. ದೇವದೂತರು ನಿನ್ನನ್ನು ಕೈಗಳಲ್ಲಿ ಎತ್ತಿಕೊಳ್ಳುತ್ತಾರೆ ಎಂದು ಬರೆದಿದೆಯಲ್ಲ’ ಎನ್ನುತ್ತಾನೆ. ಆ ಮಾತು 91ನೇ ಕೀರ್ತನೆಯದು. ಭರವಸೆಯ ಕೀರ್ತನೆ ಎಂದೇ ಜನ ಪ್ರೀತಿಯಿಂದ ಹೇಳಿಕೊಳ್ಳುವ ಕೀರ್ತನೆ ಅದು. ಅಂದರೆ ಸೈತಾನ ಯೇಸುವಿಗೆ ‘ನಂಬಬೇಡ’ ಎಂದು ಹೇಳುತ್ತಿಲ್ಲ. ‘ನಂಬು, ಜಾಸ್ತಿ ನಂಬು, ನಂಬಿ ತೋರಿಸು’ ಎನ್ನುತ್ತಿದ್ದಾನೆ. ಹೊರಗಿನಿಂದ ನೋಡಿದರೆ ಇದಕ್ಕಿಂತ ದೊಡ್ಡ ನಂಬಿಕೆ ಇಲ್ಲ ಅನಿಸಬಹುದು.

ಯೇಸು ಒಪ್ಪುವುದಿಲ್ಲ. ‘ನಿನ್ನ ದೇವರನ್ನು ಪರೀಕ್ಷಿಸಬೇಡ’ ಎಂಬ ಧರ್ಮೋಪದೇಶಕಾಂಡದ ಮಾತನ್ನು ಹೇಳಿ ಅಲ್ಲಿಗೇ ನಿಲ್ಲಿಸುತ್ತಾನೆ. ಆ ಮಾತಿನ ಹಿಂದೆಯೂ ಒಂದು ಘಟನೆ ಇದೆ. ಮಸ್ಸಾ ಎಂಬಲ್ಲಿ ನೀರಿಲ್ಲದೆ ಬಳಲಿದ ಇಸ್ರಾಯೇಲರು ‘ದೇವರು ನಮ್ಮ ಜೊತೆ ಇದ್ದಾನೋ ಇಲ್ಲವೋ’ ಎಂದು ಜಗಳಕ್ಕೆ ನಿಂತಿದ್ದರು. ನೀರು ಕೇಳಿದ್ದು ತಪ್ಪಲ್ಲ. ನೀರು ಕೊಟ್ಟರೆ ಮಾತ್ರ ನೀನು ಇದ್ದೀಯೆ ಎಂದು ಒಪ್ಪುತ್ತೇವೆ ಎನ್ನುವ ಷರತ್ತು ತಪ್ಪು.

ಯಾರನ್ನಾದರೂ ಸದಾ ಪರೀಕ್ಷಿಸುತ್ತಾ ಇರುವವನು ಅವರನ್ನು ನಂಬಿದ್ದಾನೆ ಎನ್ನಲು ಆಗುವುದಿಲ್ಲ. ‘ಈ ವಾರದೊಳಗೆ ಇದು ಆದರೆ ನೀನು ನನ್ನ ಪ್ರಾರ್ಥನೆ ಕೇಳಿದೆ ಎಂದುಕೊಳ್ಳುತ್ತೇನೆ’ ಎನ್ನುವ ಪ್ರಾರ್ಥನೆ ಭಕ್ತಿಯ ಮಾತಿನಂತೆಯೇ ಕೇಳಿಸುತ್ತದೆ. ಆದರೆ ಅದು ದೇವಾಲಯದ ತುದಿಯಿಂದ ಹಾರುವುದಕ್ಕೆ ತುಂಬಾ ಹತ್ತಿರ.

ಉಪವಾಸದಲ್ಲೂ ಇದೇ ಅಪಾಯ ಇದೆ. ಬೂದಿ ಬುಧವಾರ ಕಳೆದ ಶುಕ್ರವಾರ ಯೆಶಾಯನ 58ನೇ ಅಧ್ಯಾಯವನ್ನು ಓದುತ್ತಾರೆ. ‘ನಾವು ಉಪವಾಸ ಮಾಡಿದೆವು, ನೀನು ಯಾಕೆ ನೋಡಲಿಲ್ಲ?’ ಎಂದು ಜನ ದೇವರನ್ನು ಕೇಳುತ್ತಾರೆ. ಅವರ ಮನಸ್ಸಿನಲ್ಲಿ ಉಪವಾಸ ಅಂದರೆ ಕಟ್ಟಿದ ಹಣ, ವರ ಅಂದರೆ ಅದಕ್ಕೆ ಸಿಗಬೇಕಾದ ಸಾಮಾನು. ಪ್ರವಾದಿಯ ಉತ್ತರ ಖಾರವಾಗಿದೆ. ಉಪವಾಸದ ದಿನವೂ ನಿಮ್ಮ ಕೆಲಸಗಾರರನ್ನು ಹಿಂಡುತ್ತೀರಿ, ಜಗಳ ಆಡುತ್ತೀರಿ. ಹಸಿದವನಿಗೆ ಊಟ ಹಂಚಿ, ಮನೆಯಿಲ್ಲದವನನ್ನು ಒಳಗೆ ಕರೆಯಿರಿ, ನನಗೆ ಬೇಕಾದ ಉಪವಾಸ ಅದು ಎನ್ನುತ್ತಾನೆ ದೇವರು. ಉಪವಾಸ ದೇವರ ಮೇಲೆ ಒತ್ತಡ ಹಾಕುವ ಸಾಧನ ಅಲ್ಲ. ಅದು ನನ್ನ ಹಿಡಿತವನ್ನು ಸಡಿಲ ಮಾಡುವುದಕ್ಕೆ.

ಎಲ್ಲ ಗೊತ್ತಿರುವ ದೇವರಿಗೆ ಕೇಳುವುದು ಯಾಕೆ?

ಮೊದಲ ವಾರದ ಮಂಗಳವಾರ ಪರಲೋಕ ಪ್ರಾರ್ಥನೆಯ ಭಾಗವನ್ನು ಓದುತ್ತಾರೆ. ಆ ಪ್ರಾರ್ಥನೆ ಕಲಿಸುವ ಮೊದಲು ಯೇಸು ಹೇಳುತ್ತಾನೆ: ನೀವು ಕೇಳುವ ಮುಂಚೆಯೇ ನಿಮಗೆ ಏನು ಬೇಕು ಎಂದು ನಿಮ್ಮ ತಂದೆಗೆ ಗೊತ್ತು. ಎರಡು ದಿನ ಬಿಟ್ಟು ಗುರುವಾರ, ಅದೇ ಮತ್ತಾಯನ 7ನೇ ಅಧ್ಯಾಯದಿಂದ: ಕೇಳಿರಿ, ನಿಮಗೆ ಸಿಗುತ್ತದೆ.

ಗೊತ್ತಿದ್ದರೆ ಕೇಳುವುದು ಯಾಕೆ? ಇದು ಹೊಸ ಪ್ರಶ್ನೆಯೇನೂ ಅಲ್ಲ. 410ರಲ್ಲಿ ರೋಮ್ ನಗರ ಲೂಟಿಯಾದ ಮೇಲೆ ಪ್ರೋಬಾ ಎಂಬ ಶ್ರೀಮಂತ ವಿಧವೆ ಉತ್ತರ ಆಫ್ರಿಕಾಕ್ಕೆ ಬಂದಿದ್ದಳು. ಪ್ರಾರ್ಥನೆ ಮಾಡುವುದು ಹೇಗೆ ಎಂದು ಅಲ್ಲಿ ಹಿಪ್ಪೋ ಪಟ್ಟಣದ ಬಿಷಪ್ ಆಗಿದ್ದ ಸಂತ ಅಗಸ್ಟೀನರನ್ನು ಕೇಳಿದಳು. ಅವರು ಬರೆದ ದೊಡ್ಡ ಪತ್ರ ಈಗಲೂ ಇದೆ. ಅದರ ಸಾರ ಇಷ್ಟು: ದೇವರಿಗೆ ಸುದ್ದಿ ಮುಟ್ಟಿಸಲು ನಾವು ಪ್ರಾರ್ಥಿಸುವುದಿಲ್ಲ. ಪ್ರಾರ್ಥಿಸುತ್ತಾ ಪ್ರಾರ್ಥಿಸುತ್ತಾ ನಮ್ಮ ಬಯಕೆ ದೊಡ್ಡದಾಗುತ್ತದೆ. ಆತ ಕೊಡಲು ಇಟ್ಟಿರುವುದು ತುಂಬಾ ದೊಡ್ಡದು, ಅದನ್ನು ಹಿಡಿಯುವಷ್ಟು ಜಾಗ ನಮ್ಮೊಳಗೆ ಆಗಬೇಕು.

13ನೇ ಶತಮಾನದಲ್ಲಿ ಸಂತ ಥಾಮಸ್ ಅಕ್ವಿನಾಸರು ಇದಕ್ಕೆ ಇನ್ನೊಂದು ಮಾತು ಸೇರಿಸಿದರು. ದೇವರ ಮನಸ್ಸನ್ನು ಬದಲಿಸಲು ಪ್ರಾರ್ಥನೆ ಅಲ್ಲ. ಕೆಲವು ವರಗಳನ್ನು ಪ್ರಾರ್ಥನೆಯ ಮೂಲಕವೇ ಕೊಡಬೇಕೆಂದು ದೇವರು ಇಟ್ಟಿದ್ದಾನೆ, ಅವನ್ನು ಪಡೆಯಲು ಪ್ರಾರ್ಥನೆ. ಹಾಗಾಗಿ ಪ್ರಾರ್ಥನೆ ಸುಮ್ನೆ ಒಂದು ಆಚಾರವಲ್ಲ. ಅದರಿಂದ ನಿಜಕ್ಕೂ ಏನೋ ಆಗುತ್ತದೆ. ಆದರೆ ಅದು ದೇವರನ್ನು ನನ್ನ ದಾರಿಗೆ ಎಳೆಯುವ ಹಗ್ಗವೂ ಅಲ್ಲ.

ಆ ಗುರುವಾರದ ಸುವಾರ್ತೆಯಲ್ಲಿ ಒಂದು ಸಣ್ಣ ವಿವರ ಇದೆ. ರೊಟ್ಟಿ ಕೇಳಿದ ಮಗನಿಗೆ ಯಾವ ತಂದೆಯೂ ಕಲ್ಲು ಕೊಡುವುದಿಲ್ಲ ಎನ್ನುತ್ತಾನೆ ಯೇಸು. ಹಾಗಿದ್ದ ಮೇಲೆ ಪರಲೋಕದ ತಂದೆ ಏನು ಕೊಡುತ್ತಾನೆ? ‘ಕೇಳಿದ್ದನ್ನೇ ಕೊಡುತ್ತಾನೆ’ ಎಂದಿಲ್ಲ. ‘ಒಳ್ಳೆಯದನ್ನು ಕೊಡುತ್ತಾನೆ’ ಎಂದಿದೆ. ಲೂಕನ ಸುವಾರ್ತೆಯಲ್ಲಿ ಇದೇ ಮಾತು ಬಂದಾಗ ‘ಪವಿತ್ರಾತ್ಮನನ್ನು ಕೊಡುತ್ತಾನೆ’ ಎಂದಿದೆ. ಅಂದರೆ ಕೊನೆಗೆ ದೇವರು ಕೊಡುವುದು ತನ್ನನ್ನೇ.

ಅದೇ ದಿನದ ಮೊದಲ ವಾಚನದಲ್ಲಿ ರಾಣಿ ಎಸ್ತೇರಳ ಪ್ರಾರ್ಥನೆ ಬರುತ್ತದೆ. ಪ್ರೊಟೆಸ್ಟೆಂಟ್ ಬೈಬಲ್‌ಗಳಲ್ಲಿ ಸಾಮಾನ್ಯವಾಗಿ ಈ ಭಾಗ ಇರುವುದಿಲ್ಲ, ಕಥೆ ಮಾತ್ರ ಎಲ್ಲರಿಗೂ ಗೊತ್ತು. ತನ್ನ ಜನರನ್ನು ಉಳಿಸಲು ಅವಳು ರಾಜನ ಮುಂದೆ ಹೋಗಬೇಕು. ಕರೆಯದೆ ಹೋದವರಿಗೆ ಸಾವೇ ಶಿಕ್ಷೆ. ‘ನಾನು ಒಂಟಿ, ನೀನಲ್ಲದೆ ನನಗೆ ಯಾರೂ ಇಲ್ಲ’ ಎಂದು ಬೇಡುತ್ತಾಳೆ. ಆಮೇಲೆ ಎದ್ದು ಹೋಗುತ್ತಾಳೆ. ಭಯ ಹೋದ ಮೇಲೆ ಹೊರಟಳು ಎಂದು ಅಂದುಕೊಳ್ಳಬೇಡಿ. ರಾಜನ ಎದುರು ನಿಂತಾಗಲೂ ಭಯದಿಂದ ಮೂರ್ಛೆ ಹೋದಳು ಎಂದೇ ಆ ಭಾಗದ ಮುಂದೆ ಬರುತ್ತದೆ. ಭಯ ಮತ್ತು ಭರವಸೆ ಒಂದೇ ಎದೆಯಲ್ಲಿ ಇರಬಹುದು.

ತಡವಾಗಿ ಬಂದ ಯೇಸು

ಮೂರು ವರ್ಷಕ್ಕೊಮ್ಮೆ, ತಪಸ್ಸುಕಾಲದ ಐದನೇ ಭಾನುವಾರ ಲಾಜರನ ಕಥೆ ಬರುತ್ತದೆ. ದೀಕ್ಷಾಸ್ನಾನಕ್ಕೆ ಸಿದ್ಧರಾಗುತ್ತಿರುವವರು ಇರುವ ಕಡೆ ಬೇರೆ ವರ್ಷಗಳಲ್ಲೂ ಓದಬಹುದು. ಪ್ರಾರ್ಥನೆಯ ಬಗ್ಗೆ ಯೋಚಿಸುವವರು ಇದನ್ನು ನಿಧಾನವಾಗಿ ಓದಬೇಕು.

ಲಾಜರ ಕಾಯಿಲೆ ಬಿದ್ದಿದ್ದಾನೆ. ಅಕ್ಕಂದಿರಾದ ಮಾರ್ಥ ಮತ್ತು ಮರಿಯ ಯೇಸುವಿಗೆ ಹೇಳಿ ಕಳಿಸುತ್ತಾರೆ: ‘ಸ್ವಾಮಿ, ನೀವು ಪ್ರೀತಿಸುವವನಿಗೆ ಹುಷಾರಿಲ್ಲ.’ ಇಷ್ಟೇ. ಬನ್ನಿ ಎಂದಿಲ್ಲ, ವಾಸಿ ಮಾಡಿ ಎಂದಿಲ್ಲ. ಆತನ ಪ್ರೀತಿಯನ್ನು ನೆನಪಿಸಿ, ತಮ್ಮ ಕಷ್ಟವನ್ನು ಮುಂದಿಟ್ಟರು. ಭರವಸೆಯ ಪ್ರಾರ್ಥನೆಗೆ ಇದಕ್ಕಿಂತ ಒಳ್ಳೆಯ ಮಾದರಿ ನನಗೆ ಗೊತ್ತಿಲ್ಲ. ಮಾತೇ ಹೊರಡದ ದಿನ ಈ ಒಂದು ಸಾಲಿನಲ್ಲಿ ಯಾರ ಹೆಸರನ್ನಾದರೂ ಇಟ್ಟು ದೇವರ ಮುಂದೆ ಕೂರಬಹುದು.

ಮುಂದೆ ಈ ಕಥೆ ಹೇಳುವ ಸುವಾರ್ತೆಗಾರ ಯೊವಾನ್ನ ಬರೆಯುವುದು ನಮ್ಮನ್ನು ಗಲಿಬಿಲಿಗೊಳಿಸುತ್ತದೆ. ಯೇಸುವಿಗೆ ಆ ಮೂವರ ಮೇಲೂ ಪ್ರೀತಿ ಇತ್ತು, ಹಾಗಾಗಿ ಸುದ್ದಿ ಕೇಳಿದ ಮೇಲೆ ಇದ್ದಲ್ಲೇ ಇನ್ನೂ ಎರಡು ದಿನ ಉಳಿದ. ಪ್ರೀತಿ ಇದ್ದರೆ ಓಡಿ ಬರಬೇಕಲ್ಲವೇ? ಆತ ಬರುವ ಹೊತ್ತಿಗೆ ಲಾಜರನನ್ನು ಸಮಾಧಿ ಮಾಡಿ ನಾಲ್ಕು ದಿನ ಆಗಿತ್ತು. ಮಾರ್ಥ ಎದುರಿಗೆ ಹೋಗಿ ಮೊದಲು ಆಡಿದ್ದು ದೂರಿನ ಮಾತು: ‘ನೀವು ಇಲ್ಲಿ ಇದ್ದಿದ್ದರೆ ನನ್ನ ತಮ್ಮ ಸಾಯುತ್ತಿರಲಿಲ್ಲ.’ ಅದೇ ಉಸಿರಿನಲ್ಲಿ ಸೇರಿಸುತ್ತಾಳೆ: ‘ಈಗಲೂ ನೀವು ಕೇಳಿದ್ದನ್ನು ದೇವರು ಕೊಡುತ್ತಾರೆ ಎಂದು ನನಗೆ ಗೊತ್ತು.’

ದೂರು ಮತ್ತು ನಂಬಿಕೆ ಎರಡೂ ಒಟ್ಟಿಗೆ. ಯೇಸು ಅವಳನ್ನು ಗದರಿಸಲಿಲ್ಲ. ಮರಿಯಳೂ ಅದೇ ದೂರು ಹೇಳಿ ಅತ್ತಾಗ ತಾನೂ ಅತ್ತ. ಇನ್ನೇನು ಎಬ್ಬಿಸಲು ಹೊರಟವನೇ ಅತ್ತ ಎನ್ನುವುದು ಮುಖ್ಯ. ಮುಂದೆ ಎಲ್ಲ ಸರಿಹೋಗುತ್ತದೆ ಎಂದು ಗೊತ್ತಿದ್ದರೂ ಈಗಿನ ದುಃಖವನ್ನು ಆತ ಸಣ್ಣದು ಮಾಡಲಿಲ್ಲ. ‘ದೇವರಲ್ಲಿ ಭರವಸೆ ಇದ್ದರೆ ಅಳಬಾರದು’ ಎನ್ನುವವರಿಗೆ ಈ ಒಂದು ವಚನವೇ ಸಾಕು.

ಇನ್ನೊಂದು ಮಾತು. ಸಮಾಧಿಯಿಂದ ಎದ್ದು ಬಂದ ಲಾಜರ ಮತ್ತೊಂದು ದಿನ ಸಾಯಲೇಬೇಕಿತ್ತು. ಕೇಳಿದ್ದು ಸಿಕ್ಕರೂ ಅದು ಈ ಲೋಕದ ಮಟ್ಟಿಗೆ ತಾತ್ಕಾಲಿಕವೇ. ಅದಕ್ಕೇ ಯೇಸು ಮಾರ್ಥಳಿಗೆ ತಮ್ಮ ಸಿಗುತ್ತಾನೆ ಎಂದು ಹೇಳಿ ಬಿಟ್ಟುಬಿಡಲಿಲ್ಲ, ‘ನಾನೇ ಪುನರುತ್ಥಾನ ಮತ್ತು ಜೀವ’ ಎಂದ.

‘ಕಾಪಾಡದೆ ಹೋದರೂ’

ಐದನೇ ವಾರದ ಬುಧವಾರ ದಾನಿಯೇಲನ ಗ್ರಂಥದಿಂದ ಬೆಂಕಿಯ ಕುಲುಮೆಯ ಕಥೆ. ಶದ್ರಕ್, ಮೇಶಕ್, ಅಬೇದ್‌ನೆಗೋ ಎಂಬ ಮೂವರು ಚಿನ್ನದ ಪ್ರತಿಮೆಗೆ ಅಡ್ಡ ಬೀಳಲು ಒಪ್ಪಲಿಲ್ಲ. ರಾಜ ಬೆದರಿಸಿದಾಗ ಅವರು ಕೊಟ್ಟ ಉತ್ತರ: ನಮ್ಮ ದೇವರು ನಮ್ಮನ್ನು ಕಾಪಾಡಬಲ್ಲ. ಕಾಪಾಡದೆ ಹೋದರೂ ನಾವು ಅಡ್ಡ ಬೀಳುವುದಿಲ್ಲ.

ಅವರು ಬೆಂಕಿಯಿಂದ ಬದುಕಿ ಬಂದರು ಎಂದು ನಮಗೆ ಗೊತ್ತು. ಆ ಮಾತು ಆಡುವಾಗ ಅವರಿಗೆ ಗೊತ್ತಿರಲಿಲ್ಲ. ಮೊದಲ ದಿನದ ‘ಯಾರಿಗೆ ಗೊತ್ತು’ ಎಂಬ ಮಾತು ಐದು ವಾರಗಳ ನಂತರ ‘ಕಾಪಾಡದೆ ಹೋದರೂ’ ಎಂಬಲ್ಲಿಗೆ ಬಂದು ನಿಂತಿದೆ. ಎಂಥ ದೂರ ನಡೆದು ಬಂದಂತಾಯಿತು, ನೋಡಿ.

ಮುಂದಿನದು ಗರಿಗಳ ಭಾನುವಾರ. ಅಂದು ಯೇಸುವಿನ ಯಾತನೆಯ ಪೂರ್ತಿ ಕಥೆ ಓದುತ್ತಾರೆ, ಗೆತ್ಸೇಮನೆ ತೋಟದ ಪ್ರಾರ್ಥನೆಯೂ ಅದರಲ್ಲಿ ಬರುತ್ತದೆ. ಮತ್ತಾಯ ಅದನ್ನು ಮೂರು ಸಲದ ಪ್ರಾರ್ಥನೆಯಾಗಿ ಹೇಳುತ್ತಾನೆ. ಅದರಲ್ಲಿ ಪಾತ್ರೆ ಅಂದರೆ ಮುಂದಿರುವ ಯಾತನೆ. ಮೊದಲ ಸಲ: ಸಾಧ್ಯವಾದರೆ ಈ ಪಾತ್ರೆ ನನ್ನಿಂದ ದೂರ ಹೋಗಲಿ, ಆದರೂ ನನ್ನ ಇಷ್ಟದಂತಲ್ಲ, ನಿನ್ನ ಇಷ್ಟದಂತೆ. ಎರಡನೇ ಸಲ ಮಾತು ಸ್ವಲ್ಪ ಬದಲಾಗುತ್ತದೆ: ನಾನು ಕುಡಿಯದೆ ಇದು ಹೋಗುವುದಿಲ್ಲವಾದರೆ, ನಿನ್ನ ಚಿತ್ತದಂತೆ ಆಗಲಿ. ಮೂರನೇ ಸಲ ಅದೇ ಮಾತು. ಪ್ರಾರ್ಥಿಸುವಾಗಲೇ ಪ್ರಾರ್ಥನೆ ಮಾಗುತ್ತಿದೆ.

ನಾವು ಎರಡು ರೀತಿ ತಪ್ಪುತ್ತೇವೆ. ಕೆಲವರು ಮೊದಲ ಅರ್ಧದಲ್ಲೇ ನಿಲ್ಲುತ್ತೇವೆ, ದೂರ ಮಾಡು, ದೂರ ಮಾಡು ಎಂದು. ಇನ್ನು ಕೆಲವರು ಮೊದಲ ಅರ್ಧವನ್ನು ಹೇಳುವುದೇ ಇಲ್ಲ. ನೇರವಾಗಿ ‘ನಿನ್ನ ಚಿತ್ತ’ ಎಂದುಬಿಡುತ್ತೇವೆ. ಕೇಳಿ ಸಿಗದಿದ್ದರೆ ಎನ್ನುವ ಭಯಕ್ಕೆ ಕೇಳುವುದನ್ನೇ ಬಿಡುತ್ತೇವೆ, ಅದಕ್ಕೆ ಶರಣಾಗತಿ ಎಂದು ಹೆಸರಿಡುತ್ತೇವೆ. ಯೇಸು ಹಾಗೆ ಮಾಡಲಿಲ್ಲ. ತನಗೆ ಬದುಕಬೇಕು ಅನಿಸಿದ್ದನ್ನು ಬೆವರು ಸುರಿಸಿ ಹೇಳಿದ. ಬಯಕೆಯನ್ನು ಬಚ್ಚಿಟ್ಟು ಒಪ್ಪಿಸುವುದಕ್ಕಿಂತ, ಬಯಕೆಯನ್ನು ತೆರೆದಿಟ್ಟು ಒಪ್ಪಿಸುವುದು ಕಷ್ಟ. ಆದರೆ ಅದೇ ನಿಜವಾದ ಒಪ್ಪಿಸುವಿಕೆ.

ಆ ಪ್ರಾರ್ಥನೆಗೆ ಉತ್ತರ ಸಿಕ್ಕಿತೇ? ಪಾತ್ರೆ ದೂರ ಹೋಗಲಿಲ್ಲ. ಹಾಗಿದ್ದೂ ಶುಭ ಶುಕ್ರವಾರ ಓದುವ ಇಬ್ರಿಯರ ಪತ್ರ, ಸಾವಿನಿಂದ ಬಿಡಿಸಬಲ್ಲವನಿಗೆ ಯೇಸು ಕಣ್ಣೀರಿಟ್ಟು ಪ್ರಾರ್ಥಿಸಿದ, ಆ ಪ್ರಾರ್ಥನೆಯನ್ನು ದೇವರು ಆಲಿಸಿದರು ಎನ್ನುತ್ತದೆ. ಆಲಿಸಿದರು, ಆದರೂ ಶಿಲುಬೆ ತಪ್ಪಲಿಲ್ಲ. ಉತ್ತರ ಬಂದದ್ದು ಸಾವಿನ ಆಚೆ ಕಡೆಯಿಂದ. ಶಿಲುಬೆಯ ಮೇಲೆ ಯೇಸು ‘ನನ್ನ ದೇವರೇ, ಯಾಕೆ ನನ್ನ ಕೈಬಿಟ್ಟೆ’ ಎಂದು ಕೂಗಿದ್ದೂ ಪ್ರಾರ್ಥನೆಯೇ, 22ನೇ ಕೀರ್ತನೆಯ ಮೊದಲ ಸಾಲು ಅದು. ‘ನಿನ್ನ ಕೈಗೆ ನನ್ನ ಆತ್ಮವನ್ನು ಒಪ್ಪಿಸುತ್ತೇನೆ’ ಎನ್ನುವುದೂ ಪ್ರಾರ್ಥನೆಯೇ, ಅದು 31ನೇ ಕೀರ್ತನೆಯದು. ಕೈಬಿಟ್ಟಂತೆ ಅನಿಸಿದವನ ಕೈಗೇ ಆತ ತನ್ನನ್ನು ಒಪ್ಪಿಸಿದ.

ಏನೂ ಅನಿಸದ ದಿನಗಳಲ್ಲಿ

ತಪಸ್ಸುಕಾಲದ ಮೂರನೇ ನಾಲ್ಕನೇ ವಾರಕ್ಕೆ ಎಷ್ಟೋ ಜನರಿಗೆ ಪ್ರಾರ್ಥನೆ ಒಣಗಿ ಹೋಗುತ್ತದೆ. ಕೂತರೂ ಏನೂ ಅನಿಸುವುದಿಲ್ಲ. ಇದು ಭರವಸೆ ಸತ್ತಿದ್ದಕ್ಕೆ ಗುರುತಲ್ಲ. ಭರವಸೆ ಒಂದು ಭಾವನೆಯಾಗಿದ್ದರೆ ನಿದ್ದೆ ಕೆಟ್ಟ ದಿನವೆಲ್ಲ ಅದು ಮಾಯವಾಗಬೇಕಿತ್ತು. ಕೋಲ್ಕತ್ತಾದ ಮದರ್ ತೆರೇಸಾ ದಶಕಗಳ ಕಾಲ ಒಳಗೆ ಕತ್ತಲನ್ನೇ ಅನುಭವಿಸಿದರು ಎನ್ನುವುದು ಅವರ ಪತ್ರಗಳು 2007ರಲ್ಲಿ ಪ್ರಕಟವಾದಾಗ ಲೋಕಕ್ಕೆಲ್ಲ ತಿಳಿಯಿತು. ಅವರು ಪ್ರಾರ್ಥನೆ ಬಿಡಲಿಲ್ಲ, ಬಡವರ ಸೇವೆಯನ್ನೂ ಬಿಡಲಿಲ್ಲ.

ಇಂಥ ಹೊತ್ತಿಗೆ 16ನೇ ಶತಮಾನದ ಸಂತ ಲೊಯೋಲಾದ ಇಗ್ನೇಷಿಯಸರ ಒಂದು ಸಲಹೆ ತುಂಬಾ ಉಪಯೋಗಕ್ಕೆ ಬರುತ್ತದೆ. ಮನಸ್ಸು ಬರಿದಾದಾಗ, ಬೆಳಕಿದ್ದಾಗ ಮಾಡಿದ ನಿರ್ಧಾರವನ್ನು ಬದಲಿಸಬೇಡಿ ಎನ್ನುತ್ತಾರೆ ಅವರು. ದಿನಕ್ಕೆ ಕಾಲು ಗಂಟೆ ಪ್ರಾರ್ಥಿಸುತ್ತೇನೆ ಎಂದುಕೊಂಡಿದ್ದರೆ ಒಣಗಿದ ದಿನವೂ ಕಾಲು ಗಂಟೆ ಕೂತುಬಿಡಿ, ಇನ್ನೊಂದು ನಿಮಿಷ ಜಾಸ್ತಿಯೇ ಕೂತರೂ ಒಳ್ಳೆಯದು. ನಂಬಲು ಆಗುತ್ತಿಲ್ಲ ಎನಿಸಿದರೆ ಅದನ್ನೇ ಹೇಳಿ. ಮಾರ್ಕನ 9ನೇ ಅಧ್ಯಾಯದಲ್ಲಿ ಕಾಯಿಲೆಯ ಮಗನನ್ನು ಕರೆತಂದ ತಂದೆ ಕೂಗಿದ್ದು ಅದನ್ನೇ: ‘ನಂಬುತ್ತೇನೆ, ನನ್ನ ಅಪನಂಬಿಕೆಗೆ ಸಹಾಯ ಮಾಡಿ.’ ಮೊದಲು ಪೂರ್ತಿ ನಂಬಿ ಬಾ ಎಂದು ಯೇಸು ಅವನನ್ನು ವಾಪಸ್ ಕಳಿಸಲಿಲ್ಲ. ಮಗನನ್ನು ವಾಸಿ ಮಾಡಿದ.

ಕೊನೆಗೆ, ಬೇರೆಯವರ ಕಷ್ಟದ ಬಗ್ಗೆ. ‘ನಿಮಗೆ ನಂಬಿಕೆ ಸಾಲದು, ಅದಕ್ಕೇ ಪ್ರಾರ್ಥನೆ ಫಲಿಸಲಿಲ್ಲ’ ಎಂದು ನೊಂದವರಿಗೆ ಹೇಳುವ ಅಭ್ಯಾಸ ನಮ್ಮಲ್ಲಿದೆ. ದಯವಿಟ್ಟು ಹೇಳಬೇಡಿ. ಸಂತ ಪೌಲ ತನ್ನ ಶರೀರದಲ್ಲಿ ಚುಚ್ಚುತ್ತಿದ್ದ ಮುಳ್ಳನ್ನು ತೆಗೆಯಲು ಮೂರು ಸಲ ಬೇಡಿದ. ಮುಳ್ಳು ಹೋಗಲಿಲ್ಲ, ‘ನನ್ನ ಕೃಪೆ ನಿನಗೆ ಸಾಕು’ ಎಂಬ ಉತ್ತರ ಬಂತು. ಪೌಲನಿಗೆ ನಂಬಿಕೆ ಕಡಿಮೆ ಇತ್ತು ಎನ್ನುವ ಧೈರ್ಯ ಯಾರಿಗಿದೆ? ಆ ಉತ್ತರವನ್ನು ಪೌಲ ತಾನೇ ಕೇಳಿಸಿಕೊಂಡ, ಬೇರೆ ಯಾರೋ ಬಂದು ಅವನಿಗೆ ಉಪದೇಶ ಮಾಡಲಿಲ್ಲ ಎನ್ನುವುದನ್ನೂ ಗಮನಿಸಿ. ನೊಂದವರ ಹತ್ತಿರ ಹೋದಾಗ ವಿವರಣೆ ಕೊಡುವ ಬದಲು ಅವರ ಜೊತೆ 13ನೇ ಕೀರ್ತನೆಯನ್ನು ಓದಿ. ‘ಸ್ವಾಮಿ, ಇನ್ನೆಷ್ಟು ಕಾಲ?’ ಎಂದು ಶುರುವಾಗುತ್ತದೆ, ಆರೇ ವಚನ. ಕೊನೆಯ ಎರಡು ವಚನಗಳಲ್ಲಿ ಭರವಸೆಯ ಮಾತು ಬರುತ್ತದೆ. ಅಲ್ಲಿಯವರೆಗೆ ಹೋಗಲು ಅವರಿಗೆ ಅಂದು ಆಗದಿದ್ದರೆ, ಆ ಎರಡು ವಚನಗಳನ್ನು ಅವರ ಪರವಾಗಿ ನೀವೇ ಓದಿ.